ಎರಡನೇ ಮಳೆಗಾಲದ ಗೋಡೆ

ಅಕ್ಟೋಬರ್ ಎರಡನೇ ವಾರ, ಮಳೆ ಹಿಂದೆಗೆದು ಬಿಸಿಲು ಚುರುಗುಟ್ಟತೊಡಗಿದ ಮೇಲೆ, ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಹೊಳೆ ದಾಟಿ ತಣ್ಣೀರುಬಾವಿ ಕಡೆಗೆ ಹೋಗಿದ್ದೆ. ಸಮುದ್ರ ನೋಡಲಿಕ್ಕಲ್ಲ. ಕಡಲಿಗೆ ಇಳಿಯುವ ಒಂದು ಓಣಿಯ ಕಂಪೌಂಡು ಗೋಡೆಯ ಮೇಲೆ ಆ ವರ್ಷದ ಜನವರಿಯಲ್ಲಿ ನನ್ನ ಮಗಳು ಮತ್ತು ಅವಳ ಗೆಳತಿಯರು ಸೇರಿ ಮೀನಿನ ಹಿಂಡೊಂದನ್ನು ಬಿಡಿಸಿದ್ದರು. ಮಳೆಗಾಲ ಮುಗಿದ ಮೇಲೆ ಅದು ಹೇಗಿದೆ ಎಂದು ನೋಡಬೇಕಿತ್ತು.

ಗೋಡೆಯ ಕೆಳಗಿನ ಅರ್ಧ ಪೂರ್ತಿ ಕಪ್ಪಾಗಿತ್ತು. ಪಾಚಿ ಹಸಿರಾಗಿ ಬೆಳೆದು, ಒಣಗಿ, ಮಸಿ ಬಳಿದಂತೆ ಅಂಟಿಕೊಂಡಿತ್ತು. ಅದರ ಮೇಲೆ ಬಣ್ಣ ಗುಳ್ಳೆ ಎದ್ದು, ಒಡೆದು, ಹಪ್ಪಳದ ಹಾಗೆ ಸುರುಳಿಯಾಗಿ ಬಿದ್ದಿತ್ತು. ಒಂದು ಕಡೆ ಯಾವುದೋ ಕೋಚಿಂಗ್ ಸಂಸ್ಥೆಯ ಪೋಸ್ಟರ್ ಸಾಲು. ಹನ್ನೆರಡು ಮೀನುಗಳಲ್ಲಿ ಉಳಿದದ್ದು ಒಂದು ಕಣ್ಣು ಮಾತ್ರ. ಬಿಳಿಯ ಸುತ್ತು, ನಡುವೆ ಕಪ್ಪು ಚುಕ್ಕೆ. ಮಗಳು ಅದರ ಎದುರು ಸುಮ್ಮನೆ ನಿಂತಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ, "ಹೀಗಾಗ್ತದೆ ಅಂತ ಯಾರೂ ಹೇಳಲೇ ಇಲ್ಲ ಅಮ್ಮ" ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಅಲ್ಲಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಮಂಗಳೂರಿನಿಂದ ಉಡುಪಿ ಬಳಿಯ ಮಲ್ಪೆಯವರೆಗೆ ಕಣ್ಣಿಗೆ ಬಿದ್ದ ಗೋಡೆಚಿತ್ರಗಳನ್ನೆಲ್ಲ ನಿಂತು ನೋಡಿದೆ. ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ. ಕರಾವಳಿಯಲ್ಲಿ ಗೋಡೆಚಿತ್ರವನ್ನು ಬಿಡಿಸಿದ ದಿನ ನೋಡಿ ಮೆಚ್ಚುವುದಕ್ಕೆ ಅರ್ಥವಿಲ್ಲ ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ. ಅದನ್ನು ನೋಡಬೇಕಾದದ್ದು ಎರಡು ಮಳೆಗಾಲ ಕಳೆದ ಮೇಲೆ. ಆಗ ಅಲ್ಲಿ ಕಾಣುವುದು ಚಿತ್ರಕಾರನ ಕೈ ಮಾತ್ರವಲ್ಲ. ಆ ಗೋಡೆಯ ಕಡೆಗೆ ಮತ್ತೆ ಯಾರಾದರೂ ಬಂದರೋ ಇಲ್ಲವೋ ಎಂಬುದೂ ಕಾಣುತ್ತದೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಗೋಡೆಗಳು ಹೆಚ್ಚಿನವು ಕೆಂಪುಕಲ್ಲಿನವು, ನಮ್ಮ ಕಡೆಯ ಮಾತಿನಲ್ಲಿ ಮುರಕಲ್ಲು. ಮುರಕಲ್ಲಿನ ಮೈ ತುಂಬ ತೂತು. ನೆಲದಿಂದ ನೀರು ಹೀರುತ್ತದೆ, ಮೇಲಿನಿಂದಲೂ ಕುಡಿಯುತ್ತದೆ. ಕಡಲ ಬದಿಯಾದರೆ ಗಾಳಿಯಲ್ಲೇ ಉಪ್ಪು. ಕಲ್ಲು ಕುಡಿದ ನೀರು ಅಕ್ಟೋಬರಿನ ಬಿಸಿಲಿಗೆ ಹೊರಗೆ ಬರಲು ನೋಡುತ್ತದೆ, ಬರುವಾಗ ಉಪ್ಪನ್ನೂ ಜೊತೆಗೆ ತರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟಿ ಊದುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆಯ ಹಾಗೆ ಮುಚ್ಚಿಕೊಂಡ ಬಣ್ಣ ಇದ್ದರೆ ಅದನ್ನು ಒಳಗಿನಿಂದಲೇ ದೂಡಿ ಕೆಡವುತ್ತದೆ. ಮಗಳ ಮೀನುಗಳನ್ನು ಮಳೆ ತೊಳೆಯಲಿಲ್ಲ, ಗೋಡೆಯೇ ಅವನ್ನು ಕೊಡವಿ ಹಾಕಿತು.

ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಮನೆಗೆ ಬಣ್ಣ ಹೊಡೆಯಲು ಬರುವ ಪೇಂಟರಣ್ಣ. ಅವರು ನವರಾತ್ರಿಯ ಹೊತ್ತಿಗೆ ಮನೆ ಕೆಲಸಕ್ಕೆ ಸಿಕ್ಕುವವರಲ್ಲ. ಆಗ ಅವರು ಪಿಲಿವೇಷದವರ, ಅಂದರೆ ಹುಲಿವೇಷ ಕಟ್ಟಿ ಕುಣಿಯುವವರ, ಮೈಗೆ ಬಣ್ಣ ಬರೆಯುತ್ತಿರುತ್ತಾರೆ. "ಗೋಡೆಗೂ ಉಸಿರು ಬೇಕು ಅಕ್ಕ" ಎಂದರು. "ಮೊದಲು ಸುಣ್ಣ ಹೊಡೀತಿದ್ದೆವಲ್ಲ, ಅದು ಉಸಿರು ಬಿಡ್ತಿತ್ತು. ಈಗ ಪ್ರೈಮರ್, ಪುಟ್ಟಿ, ಎಮಲ್ಷನ್ ಅಂತ ಮೂರು ಅಂಗಿ ಹಾಕಿಸಿ ಮಳೆಯಲ್ಲಿ ನಿಲ್ಲಿಸ್ತೇವೆ. ಮನೆ ಗೋಡೆಯಾದರೆ ಮೇಲೆ ಮಾಡು ಉಂಟು. ಕಂಪೌಂಡಿಗೆ ಎಂತ ಉಂಟು?"

ಕಂಪೌಂಡಿಗೆ ಮಾಡು, ಅಂದರೆ ಛಾವಣಿ, ಇಲ್ಲ, ನಿಜ. ಆದರೆ ಮಾಡು ಇದ್ದ ಗೋಡೆಯ ಕತೆಯನ್ನೂ ನೋಡೋಣ ಎಂದು ಬಾವುಟಗುಡ್ಡೆ ಹತ್ತಿದೆ.

ಆ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ (ಪ್ರಾರ್ಥನಾ ಮಂದಿರ) ಅನ್ನು ಮಂಗಳೂರಿನಲ್ಲಿ ಬೆಳೆದವರು ಶಾಲೆಯ ಪ್ರವಾಸದಲ್ಲೋ ನೆಂಟರು ಬಂದಾಗಲೋ ಒಮ್ಮೆ ನೋಡಿಯೇ ಇರುತ್ತಾರೆ. ನಾನೂ ಹಾಗೆ ನೋಡಿದ್ದೆ. ಈ ಸಲ ಒಂದು ಬೆಳಿಗ್ಗೆ ಪೂರ್ತಿ ಅಲ್ಲೇ ಬೆಂಚಿನ ಮೇಲೆ ಕುಳಿತೆ. ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜಾನೊದಲ್ಲಿ 1854ರಲ್ಲಿ ಹುಟ್ಟಿದ ಆಂತೋನಿಯೊ ಮೋಸ್ಕೆನಿ ಎಂಬ ಯೇಸುಸಭೆಯ ಬ್ರದರ್ 1899ರಲ್ಲಿ ಇಲ್ಲಿಗೆ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೇ ಸಮನೆ ದುಡಿದು ಈ ಗೋಡೆ, ಈ ಮಾಡಿನ ಒಳಮೈ ಎಲ್ಲವನ್ನೂ ತುಂಬಿಸಿದರು. ಮಾಡಿನ ಕೆಳಗಿನ ದೊಡ್ಡ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದವು. ಸಂತ ಅಲೋಶಿಯಸ್ ಗೊನ್ಸಾಗನ ಬದುಕು ಅಲ್ಲಿದೆ. ರಾಜಮನೆತನದ ಹುಡುಗ ಎಲ್ಲ ಬಿಟ್ಟು ರೋಮಿಗೆ ಹೋಗಿ, ಪ್ಲೇಗ್ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ ಇಪ್ಪತ್ತಮೂರನೇ ವಯಸ್ಸಿಗೆ ತೀರಿಕೊಂಡ ಕತೆ. ಗೋಡೆಯ ಮೇಲಿನವು ಫ್ರೆಸ್ಕೊ. ಕಂಬದ ಕೆತ್ತನೆ ಎಂದು ಕೈ ಚಾಚಬೇಕೆನ್ನಿಸುವ ಎಷ್ಟೋ ಕಡೆ ಕೆತ್ತನೆಯೇ ಇಲ್ಲ, ಸಪಾಟು ಗೋಡೆಯ ಮೇಲೆ ಬೆಳಕು ನೆರಳಿನ ಬಣ್ಣ ಅಷ್ಟೆ.

ಫ್ರೆಸ್ಕೊ ಎಂದರೆ ಗೋಡೆಗೆ ಬಣ್ಣ ಬಳಿಯುವುದಲ್ಲ. ಗೋಡೆ ಆಗುತ್ತಿರುವಾಗಲೇ ಬಣ್ಣವನ್ನು ಅದರೊಳಗೆ ಸೇರಿಸುವುದು. ಮೇಸ್ತ್ರಿ ಸುಣ್ಣ ಮತ್ತು ಹೊಯಿಗೆ (ಮರಳು) ಕಲಸಿ ಅವತ್ತಿಗೆ ಬೇಕಾದಷ್ಟು ಜಾಗಕ್ಕೆ ಮಾತ್ರ ಸಾರಣೆ ಮಾಡುತ್ತಾನೆ. ಅದು ಹಸಿ ಇರುವಾಗ ಚಿತ್ರಕಾರ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುತ್ತಾನೆ. ಅಂಟು ಬೇಡ, ಎಣ್ಣೆ ಬೇಡ. ಹಸಿ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ, ಕಲ್ಲಾಗುವಾಗ ಬಣ್ಣದ ಕಣಗಳನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ತಪ್ಪಿದರೆ ಒರೆಸಲಾಗುವುದಿಲ್ಲ, ಅಷ್ಟು ಸಾರಣೆಯನ್ನೇ ಕಿತ್ತು ಮತ್ತೆ ಮಾಡಬೇಕು. ಗುಡ್ಡದ ಮೇಲಿನ ಆ ಚಾಪೆಲ್‌ನಲ್ಲಿ ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಇವತ್ತು ಎಷ್ಟು ಗೋಡೆ ಒಣಗುವ ಮೊದಲು ಮುಗಿಸಬಲ್ಲೆ ಎಂದು ಅಳತೆ ಹಾಕುತ್ತಿದ್ದ ಎಂಬುದನ್ನು ಯೋಚಿಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಂಗಳೂರಿನ ಮಳೆಗಾಲದ ತೇವಕ್ಕೂ ಇಟಲಿಯ ಗಾಳಿಗೂ ಅಜಗಜಾಂತರ. ಸಾರಣೆ ಇಲ್ಲಿ ಹೇಗೆ ಒಣಗುತ್ತದೆ ಎಂಬುದನ್ನು ಅವರು ಇಲ್ಲಿಗೇ ಬಂದು ಕಲಿತಿರಬೇಕು. ಆಮೇಲೆ ಅವರು ಊರಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಇಷ್ಟೆಲ್ಲ ಗಟ್ಟಿಯಾಗಿದ್ದೂ ಆ ಚಿತ್ರಗಳಿಗೂ ತೇವ ತಟ್ಟದೆ ಬಿಡಲಿಲ್ಲ. 1991ರಿಂದ 1994ರವರೆಗೆ ಹಳೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಇನ್‌ಟ್ಯಾಕ್ ಸಂಸ್ಥೆಯ ಲಕ್ನೋ ಕೇಂದ್ರದ ಪರಿಣತರು ಇಲ್ಲಿ ಉಳಿದು ಅವುಗಳನ್ನು ಸರಿಪಡಿಸಿದರು. ನನಗೆ ಮುಖ್ಯ ಅನ್ನಿಸಿದ್ದು ಇದು. ನೂರು ವರ್ಷ ಬಾಳಿದ ಚಿತ್ರ ಎಂದು ನಾವು ಹೇಳುವಾಗ ಬಾಳಿಸಿದವರ ಲೆಕ್ಕ ಬಿಟ್ಟುಹೋಗುತ್ತದೆ. ಮಾಡಿನ ಹಂಚು ಒಡೆದಾಗ ಬದಲಿಸಿದವರು, ಸೋರಿದ ಕಡೆ ಹತ್ತಿ ನೋಡಿದವರು, ತೊಂಬತ್ತು ವರ್ಷದ ಮೇಲೆ ಬಂದು ಅಂಗುಲ ಅಂಗುಲ ಕೂತು ತೊಳೆದವರು ಇಲ್ಲದಿದ್ದರೆ ಮೋಸ್ಕೆನಿಯವರ ಫ್ರೆಸ್ಕೊ ಕೂಡ ಒಂದು ಕಣ್ಣಾಗಿ ಉಳಿಯುತ್ತಿತ್ತು.

ಸುಣ್ಣದ ಗುಟ್ಟು ಇಟಲಿಯಿಂದ ಬರಬೇಕಾದದ್ದೇನೂ ಇರಲಿಲ್ಲ. ಗೋವೆಯಿಂದ ಅಂಕೋಲಾ, ಕುಮಟಾ, ಭಟ್ಕಳದವರೆಗಿನ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಕಲೆ ಇತ್ತಲ್ಲ, ಅದೂ ಹಸಿ ಸುಣ್ಣದ್ದೇ ಕೆಲಸ. ಕಡಲ ಚಿಪ್ಪು ಸುಟ್ಟು ಮಾಡಿದ ಬೆಳ್ಳನೆಯ ಸುಣ್ಣ, ತೊಳೆದ ಹೊಯಿಗೆ, ಬೆಲ್ಲದ ನೀರು ಸೇರಿಸಿ ಕೊಳೆಯಿಟ್ಟ ಗಾರೆ. ಅದರ ಮೇಲೆ ಕೆಂಪು ಕಾವಿಯ ಪದರ. ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆದರೆ ಕೆಂಪಿನಡಿಯ ಬಿಳಿ ಎದ್ದು ಬರುತ್ತದೆ. ಎರಡೇ ಬಣ್ಣ. ಆ ಎರಡರಲ್ಲೇ ಬಳ್ಳಿ, ಗಂಡಭೇರುಂಡ, ದಶಾವತಾರ, ಎಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ಸುತ್ತಿ ಇವುಗಳ ಫೋಟೋ ತೆಗೆದು ಬರೆದಿಡದಿದ್ದರೆ ಎಷ್ಟೋ ಚಿತ್ರಗಳು ಇದ್ದವೆಂಬುದೂ ನಮಗೆ ತಿಳಿಯುತ್ತಿರಲಿಲ್ಲ. ಏಕೆಂದರೆ ಅವುಗಳಲ್ಲಿ ಬಹಳಷ್ಟನ್ನು ಮಳೆ ಹಾಳುಮಾಡಲಿಲ್ಲ, ಜೀರ್ಣೋದ್ಧಾರ ಹಾಳುಮಾಡಿತು. ಹಳೇ ಗೋಡೆ ಕೆಡವಿ ಗ್ರಾನೈಟ್ ಹಾಕಿದರು, ಅಥವಾ ಮೇಲೆ ಆಯಿಲ್ ಪೇಂಟ್ ಎಳೆದರು. ದೇವರ ಮೇಲಿನ ಭಕ್ತಿಯಿಂದಲೇ ಮಾಡಿದರು ಎಂಬುದು ನನಗೆ ಇನ್ನಷ್ಟು ಸಂಕಟ ತರುತ್ತದೆ.

ಅಳಿಸಿಹೋಗುವ ಬಣ್ಣ ನಮ್ಮವರಿಗೆ ಹೊಸತಲ್ಲ, ನಿಜ. ನಾಗನ ಆರಾಧನೆಯಾದ ನಾಗಮಂಡಲದಲ್ಲಿ ವೈದ್ಯರು, ಅಂದರೆ ಅದನ್ನು ನಡೆಸಿಕೊಡುವ ಮನೆತನದವರು, ಗಂಟೆಗಟ್ಟಲೆ ಕೂತು ಪಂಚವರ್ಣದಲ್ಲಿ ಹಾವಿನ ಹೆಣಿಗೆ ಬರೆಯುತ್ತಾರೆ. ಅರಸಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುತ್ತಾರೆ, ಅಲ್ಲೂ ಸುಣ್ಣ ನೋಡಿ. ಬೆಳಗಾಗುವಷ್ಟರಲ್ಲಿ ಅದೆಲ್ಲ ಕುಣಿತದ ಕಾಲಡಿಯಲ್ಲಿ ಕಲಸಿ, ಪ್ರಸಾದವಾಗಿ ಹಂಚಿಹೋಗುತ್ತದೆ. ಪಿಲಿವೇಷದವರ ಮೈಮೇಲಿನ ಪಟ್ಟೆ ನಾಲ್ಕು ದಿನದ್ದು. ಯಕ್ಷಗಾನದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಅರೆದು ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಉಬ್ಬು ಚುಕ್ಕೆ, ಇಡುತ್ತಾರೆ, ರಂಗಕ್ಕೆ ಹೋಗುವ ಮೊದಲೇ ಅರ್ಧ ರಾತ್ರಿಯ ಕೆಲಸ ಅದು. ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಮುಗಿಯಿತು. ಆದರೆ ಆ ಅಳಿವಿಗೆ ಒಂದು ಹೊತ್ತು ಉಂಟು, ಒಂದು ಕ್ರಮ ಉಂಟು, ಮುಂದಿನ ವರ್ಷ ಮತ್ತೆ ಬರೆಯುತ್ತಾರೆ ಎಂಬ ಭರವಸೆಯೂ ಉಂಟು. ಓಣಿಯ ಗೋಡೆಗೆ ಈ ಮೂರೂ ಇರಲಿಲ್ಲ. ಅದಕ್ಕೆ ಮಗಳಿಗೆ ನೋವಾಯಿತು.

ಇನ್ನು ಗೋಡೆಗಳ ಮೇಲೆ ಏನು ಬರೆಯುತ್ತಾರೆ ಎಂಬ ಮಾತು. ಪೇಟೆಯಲ್ಲಿ ಗೋಡೆಚಿತ್ರ ಹೆಚ್ಚಿದ್ದು ಸ್ವಚ್ಛತೆಯ ಕೆಲಸದಿಂದ. ರಾಮಕೃಷ್ಣ ಮಿಷನ್‌ನ ಸ್ವಚ್ಛ ಮಂಗಳೂರು ಅಭಿಯಾನದ ಭಾನುವಾರಗಳಲ್ಲಿ ಕಾರ್ಯಕರ್ತರು ಕಸ ಎತ್ತಿ, ಮತ್ತೆ ಅಲ್ಲಿ ಕಸ ಬೀಳದ ಹಾಗೆ ಗೋಡೆಗೆ ಬಣ್ಣ ಬರೆದರು. ನಾನು ಕಂಡಂತೆ ಅದು ಕೆಲಸಕ್ಕೆ ಬಂದ ಉಪಾಯ. ಚಿತ್ರ ಇರುವ ಕಡೆ ಕಸದ ತೊಟ್ಟೆ (ಚೀಲ) ಎಸೆಯುವ ಕೈ ಒಂದು ಕ್ಷಣ ತಡೆಯುತ್ತದೆ. ಆದರೆ ಆಮೇಲೆ ಆಮೇಲೆ ಎಲ್ಲ ಗೋಡೆಗೂ ಅದೇ ಯಕ್ಷಗಾನದ ಕಿರೀಟ, ಅದೇ ತೆಂಗಿನಮರ, ಅದೇ ಮುಳುಗುವ ಸೂರ್ಯ ಬಂದವು. ಫೋಟೋ ನೋಡಿ ಚೌಕ ಹಾಕಿ ದೊಡ್ಡದು ಮಾಡಿದ ಮುಖಗಳು. ನೋಟಕ್ಕೆ ಚಂದ, ಆದರೆ ಯಾವ ಊರಿನಲ್ಲಿದ್ದೇನೆ ಎಂದು ಅದು ಹೇಳುವುದು ಹೊರಗಿನಿಂದ ಬಂದವರಿಗೆ, ಓಣಿಯವರಿಗೆ ಅಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಕುಣಿಯುವ ಮೈಯನ್ನು ಒಂದೇ ಗೆರೆಯಲ್ಲಿ ಹಿಡಿಯುತ್ತಿದ್ದರು. ಮಣಿಪಾಲದ ಗ್ಯಾಲರಿಯಲ್ಲಿ ಅವರ ರೇಖಾಚಿತ್ರಗಳ ಎದುರು ನಿಂತಾಗಲೆಲ್ಲ ನನಗೆ ಅನ್ನಿಸುವುದು, ನಮ್ಮ ಗೋಡೆಗಳಿಗೆ ಬೇಕಾದದ್ದು ಇಂಥ ಕಡಿಮೆ ಬಣ್ಣ, ಹೆಚ್ಚು ಗೆರೆ. ಕಾವಿಯವರಿಗೂ ಇದು ಗೊತ್ತಿತ್ತು. ಹತ್ತು ಬಣ್ಣದ ಗೋಡೆಯನ್ನು ಮಳೆ ಕೆಡಿಸಿದರೆ ತಿದ್ದಲು ಹತ್ತೂ ಬಣ್ಣ ಹೊಂದಿಸಬೇಕು. ಎರಡು ಬಣ್ಣದ ಗೋಡೆಯನ್ನು ಓಣಿಯ ಮಕ್ಕಳೇ ತಿದ್ದಬಹುದು.

ಜುಲೈ ತಿಂಗಳಲ್ಲಿ ಮಲ್ಪೆಗೆ ಹೋದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಎಷ್ಟೆಂದರೆ ನೀರೇ ಕಾಣುತ್ತಿರಲಿಲ್ಲ. ಮಳೆ ಬಿಟ್ಟ ಸಂದಿಯಲ್ಲಿ ಜನ ಬೋಟಿನ ಬದಿ ಹೆರೆಯುತ್ತಿದ್ದರು, ಚಿಪ್ಪು ಕೆರೆದು ತೆಗೆಯುತ್ತಿದ್ದರು, ಟಾರ್ಪಾಲು ಕಟ್ಟಿ ಅದರಡಿ ಬಣ್ಣ ಬಳಿಯುತ್ತಿದ್ದರು. ಒಬ್ಬರು ಏಣಿಯ ಮೇಲೆ ನಿಂತು ಬೋಟಿನ ಮೂತಿಯಲ್ಲಿ ದೇವಿಯ ಹೆಸರು ಬರೆಯುತ್ತಿದ್ದರು. ಹಳೇ ಅಕ್ಷರದ ನೆರಳು ಇನ್ನೂ ಕಾಣುತ್ತಿತ್ತು, ಅದರ ಮೇಲೆಯೇ ಹೊಸ ಅಕ್ಷರ. "ವರ್ಷವೂ ಬರೀತೀರಾ?" ಎಂದು ಕೇಳಿದೆ. "ಬರೀದೆ ಹೇಗೆ ಇಳಿಸುದು?" ಎಂದರು, ಕೈ ನಿಲ್ಲಿಸದೆ.

ಅಲ್ಲಿ ನಿಂತಾಗಲೇ ನನಗೆ ಗಂಟು ಬಿಚ್ಚಿದಂತಾಯಿತು. ಕರಾವಳಿಯಲ್ಲಿ ಬಣ್ಣ ಉಳಿಯುವುದಿಲ್ಲ ಎಂದವರು ಯಾರು? ಬೋಟಿನ ಬಣ್ಣ ಇಡೀ ವರ್ಷ ಉಪ್ಪುನೀರಿನಲ್ಲೇ ಇದ್ದೂ ಪ್ರತಿ ಆಗಸ್ಟಿನಲ್ಲಿ ಹೊಸದಾಗಿ ಹೊಳೆಯುತ್ತದೆ. ಏಕೆಂದರೆ ಬಣ್ಣದ ಖರ್ಚು ಡೀಸೆಲ್ ಮತ್ತು ಬಲೆಯ ಖರ್ಚಿನ ಜೊತೆಗೇ ಬರೆದಿಟ್ಟದ್ದು. ಉಡುಪಿ ಪೇಟೆಗೂ ಹಾಗೆಯೇ ಒಂದು ಲೆಕ್ಕ ಉಂಟು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣಮಠದ ಪೂಜೆಯ ಹೊಣೆ ಮಠದಿಂದ ಮಠಕ್ಕೆ ದಾಟುವ ಪರ್ಯಾಯಕ್ಕೆ ಮೊದಲು ಇಡೀ ಪೇಟೆ ಬಣ್ಣ ಹೊಡೆಸಿಕೊಳ್ಳುತ್ತದೆ. ಗೋಡೆಚಿತ್ರಕ್ಕೆ ಮಾತ್ರ ಉದ್ಘಾಟನೆಯ ತಾರೀಕು ಇರುತ್ತದೆ, ಎರಡನೇ ತಾರೀಕು ಇರುವುದಿಲ್ಲ. ಇಂಥ ಕೆಲಸಕ್ಕೆ ಹಣ ಕೊಡುವವರಲ್ಲಿ, ಮಾಡಿಸುವವರಲ್ಲಿ ನನ್ನದು ಒಂದೇ ಬೇಡಿಕೆ. ಹತ್ತು ಗೋಡೆಯ ದುಡ್ಡಿದ್ದರೆ ಐದು ಗೋಡೆ ಬರೆಯಿಸಿ. ಉಳಿದ ದುಡ್ಡನ್ನು ಮುಂದಿನ ನವೆಂಬರಿಗೆ ಎತ್ತಿಡಿ. ಗೋಡೆಯ ನೆತ್ತಿಗೆ ಒಂದು ಸಾಲು ಹಂಚು ಹೊದಿಸಿ. ಮಂಗಳೂರು ಹಂಚಿನ ಊರಿನಲ್ಲಿ ಅದು ದೊಡ್ಡ ಮಾತಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಕಾರ್ಖಾನೆ ಹಾಕಿದ ಮೇಲೆ ನಾವು ಜಗತ್ತಿಗೇ ಮಾಡು ಹೊದಿಸಿದವರು.

ಮಗಳ ಗೋಡೆಗೆ ಎರಡನೇ ತಾರೀಕು ನಾವೇ ಇಟ್ಟೆವು. ಗೋಡೆಯ ಮನೆಯವರು ಒಪ್ಪಿದರು. ದೀಪಾವಳಿ ಕಳೆದ ಮೇಲೆ ಪೇಂಟರಣ್ಣ ತಂತಿಬ್ರಶ್ಶು ಹಿಡಿದು ಹಳೇ ಬಣ್ಣವನ್ನು ಸಾರಣೆಯವರೆಗೆ ಕೆರೆದರು, ಉಪ್ಪು ಗುಡಿಸಿದರು, ತೊಳೆದು ಎರಡು ವಾರ ಬಿಸಿಲಿಗೆ ಬಿಟ್ಟರು. ಗೋಡೆಯ ನೆತ್ತಿಗೆ ಹಳೇ ಮನೆ ಕೆಡವಿದಲ್ಲಿ ಸಿಕ್ಕಿದ ಹಂಚು ಬಂತು. ಬಣ್ಣ ಮೂರೇ ಎಂದು ನಿಶ್ಚಯವಾಯಿತು. ಕಾವಿ, ಕಪ್ಪು, ಮತ್ತು ಬಟ್ಟೆಗೆ ಹಾಕುವ ನೀಲಿ. ಹಿಂದೆ ಮನೆಯ ಒಳಗೋಡೆಗೆ ಸುಣ್ಣದಲ್ಲಿ ಕಲಸುತ್ತಿದ್ದದ್ದೂ ಇಂಥದೇ ನೀಲಿ, ಸುಣ್ಣದ ಖಾರಕ್ಕೆ ಅದು ಕೆಡುವುದಿಲ್ಲ. ಪೇಂಟರಣ್ಣ ಒಂದೊಂದು ಮೀನಿನಷ್ಟೇ ಜಾಗಕ್ಕೆ ಗಟ್ಟಿ ಸುಣ್ಣ ಎಳೆದುಕೊಡುತ್ತ ಹೋದರು, ಹುಡುಗಿಯರು ಅದು ಒಣಗುವ ಮೊದಲು ಬರೆಯಬೇಕು. ಮೊದಲ ಸಲ ಕೈಯಲ್ಲಿ ಫೋನಿನ ಚಿತ್ರ ಹಿಡಿದುಕೊಂಡು ಬರೆದಿದ್ದರು. ಈ ಸಲ ಫೋನು ನೋಡಲು ಹೊತ್ತೇ ಇರಲಿಲ್ಲ.

ಎದುರು ಮನೆಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಎದ್ದು ಬಂದರು. ನಲವತ್ತು ವರ್ಷ ತಲೆಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಸೊಂಟಕ್ಕೆ ಕೈಯಿಟ್ಟು ಗೋಡೆ ನೋಡಿದರು.

"ಉಂದು ಒವು ಮೀನ್?" ಯಾವ ಮೀನು ಇದು ಎಂದು ತುಳುವಿನಲ್ಲಿ ಕೇಳಿದರು.

"ಬಂಗುಡೆ ಅಜ್ಜಿ."

"ಬಂಗುಡೆಯ ಬೆನ್ನಲ್ಲಿ ಗೆರೆ ಇಲ್ಲವಾ? ತಲೆಯಿಂದ ಬಾಲದವರೆಗೆ ಸಪೂರ ಕಪ್ಪು ಗೆರೆ. ಮತ್ತೆ ಇಲ್ಲಿ," ಎಂದು ಎದೆಯ ರೆಕ್ಕೆ ಇರುವ ಕಡೆ ಬೆರಳು ತೋರಿಸಿದರು, "ರೆಕ್ಕೆಯ ಅಡಿಯಲ್ಲಿ ಒಂದು ಕಪ್ಪು ಬೊಟ್ಟು. ಅದಿಲ್ಲದೆ ಅದು ಎಂತದ್ದು ಬಂಗುಡೆ?"

ಮಗಳು ಬ್ರಶ್ಶು ಅವರ ಕೈಗೆ ಕೊಡಲು ಹೋದಳು. ಅಜ್ಜಿ ಬ್ರಶ್ಶು ಬೇಡವೆಂದರು. ಮಸಿಯ ಡಬ್ಬಕ್ಕೆ ಉಂಗುರದ ಬೆರಳು ಅದ್ದಿ, ಮೊಮ್ಮಗುವಿನ ಹಣೆಗೆ ಇಡುವ ಹಾಗೆ, ಹಸಿ ಸುಣ್ಣದ ಮೇಲೆ ಮೆಲ್ಲನೆ ಒತ್ತಿದರು. ಬೆರಳಿನ ಗುರುತು ಸಮೇತ ಬೊಟ್ಟು ಮೂಡಿತು.

"ಬೇಗ ಅಜ್ಜಿ, ಸುಣ್ಣ ಒಣಗ್ತದೆ" ಎಂದು ಪೇಂಟರಣ್ಣ ಪಕ್ಕದ ಜಾಗಕ್ಕೆ ಸುಣ್ಣ ಎಳೆಯತೊಡಗಿದರು. ಇನ್ನೂ ಹನ್ನೊಂದು ಬಂಗುಡೆ ಬಾಕಿ ಇತ್ತು.